ಎದುರು ಕುಳಿತು ಕೇಳಿದ ಹಾಡು

ಹಾಡನ್ನು ಕೇಳದ ಮನುಷ್ಯನು ಲೋಕದಲ್ಲಿ ಇಲ್ಲವೆಂದೇ ಹೇಳಬಹುದು. ತೊಟ್ಟಿಲಿನ ಕೂಸಿಗೆ ಜೋಗುಳ, ಮದುವೆಯ ಮನೆಗೆ ಸೋಬಾನೆ, ಗುಡಿಯ ಅಂಗಳಕ್ಕೆ ಭಜನೆ, ಹೊಲದ ದುಡಿಮೆಗೆ ಜನಪದ ಗೀತೆ. ಹೀಗೆ ಹುಟ್ಟಿನಿಂದ ಮುಪ್ಪಿನವರೆಗೆ ಹಾಡು ಮನುಷ್ಯನ ಸಂಗಾತಿಯಾಗಿ ನಡೆದುಬಂದಿದೆ. ಆದರೆ ಕಿವಿಗೆ ಬಿದ್ದ ಹಾಡುಗಳೆಲ್ಲವೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಸಾವಿರ ಹಾಡುಗಳು ಬಂದು ಹೋಗುತ್ತವೆ. ಎಂದೋ ಒಂದು ಸಂಜೆ ಯಾವುದೋ ಒಂದು ಹಾಡು ಮಾತ್ರ ಕೇಳುಗನನ್ನು ಹಿಡಿದು ನಿಲ್ಲಿಸುತ್ತದೆ. ಅಂದಿನಿಂದ ಅದು ಅವನದೇ ಹಾಡಾಗುತ್ತದೆ. ಇಂಥ ಒಲವು ಹುಟ್ಟುವುದಕ್ಕೆ ಹಾಡುವವರ ಎದುರಿನಲ್ಲಿ ಕುಳಿತು ಕೇಳುವುದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ.

ಅಂಗೈಯಗಲದ ದೂರವಾಣಿಯೊಳಗೆ ಲಕ್ಷಾಂತರ ಹಾಡುಗಳು ದೊರೆಯುವ ಈ ಕಾಲದಲ್ಲಿ, ಕಚೇರಿಗೆ ಹೋಗಿ, ನೆಲದ ಮೇಲೆ ಕುಳಿತು, ಗಂಟೆಗಟ್ಟಲೆ ಕಾದು ಹಾಡು ಕೇಳುವ ಅಗತ್ಯವುಂಟೆ ಎಂಬ ಪ್ರಶ್ನೆ ಏಳುವುದು ಸಹಜ. ನಗರದ ವಿದ್ಯಾರ್ಥಿಗೆ ಈ ಪ್ರಶ್ನೆ ಕೇವಲ ಅಭಿರುಚಿಯ ಪ್ರಶ್ನೆಯಾಗಿರಬಹುದು. ದೂರದ ಊರುಗಳ ವಿದ್ಯಾರ್ಥಿಗೆ ಅದು ಅವಕಾಶದ ಪ್ರಶ್ನೆಯೂ ಹೌದು.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆಂಧ್ರಪ್ರದೇಶದ ಗಡಿಯ ಸಮೀಪದಲ್ಲಿರುವ ಈ ಊರು ರೇಷ್ಮೆ ಸೀರೆಯ ನೇಯ್ಗೆಗೆ ಹೆಸರಾದುದು. ಸುತ್ತಲಿನದು ಮಳೆಯನ್ನೇ ನಂಬಿದ, ಬರವನ್ನು ಬಲ್ಲ ಸೀಮೆ. ಬೀದಿಯಲ್ಲಿ ಕನ್ನಡವೂ ತೆಲುಗೂ ಒಟ್ಟಿಗೆ ಕೇಳಿಬರುತ್ತವೆ. ರಾಜಧಾನಿಯ ಸಂಗೀತ ಸಭೆಗಳು ಇಲ್ಲಿಂದ 150 ಕಿಲೋಮೀಟರಿಗೂ ಹೆಚ್ಚು ದೂರ. ಇಲ್ಲಿಯ ಬಾಲಕ ಬಾಲಕಿಯರ ಕಿವಿಗೆ ಹಾಡು ಬೀಳುವುದಕ್ಕೆ ಬರವಿಲ್ಲ. ಧ್ವನಿವರ್ಧಕಗಳೂ ದೂರವಾಣಿಗಳೂ ಆ ಕೆಲಸವನ್ನು ಹಗಲಿರುಳು ಮಾಡುತ್ತಿವೆ. ಬರವಿರುವುದು ಹಾಡುವವರ ಮುಖವನ್ನು ನೋಡುತ್ತ ಹಾಡನ್ನು ಕೇಳುವ ಅವಕಾಶಕ್ಕೆ.

ನೇಕಾರರ ಮನೆಯ ಹುಡುಗಿಯೊಬ್ಬಳು ಊರಿನ ಉತ್ಸವದಲ್ಲಿ ಗಾಯನವೊಂದನ್ನು ಕೇಳಿದಳೆಂದು ಭಾವಿಸಬಹುದು. ಗಾಯಕಿ ಶ್ರುತಿಯನ್ನು ಸರಿಪಡಿಸಿಕೊಳ್ಳುತ್ತಾಳೆ. ಗದ್ದಲ ಮೆಲ್ಲಗೆ ಅಡಗುತ್ತದೆ. ಮೊದಲ ಸಾಲು ಏಳುತ್ತದೆ. ಅದೇ ಸಾಲನ್ನು ಎರಡನೆಯ ಸಲ ಹಾಡುವಾಗ ಗಾಯಕಿ ಅದನ್ನು ಕೊಂಚ ಬೇರೆಯಾಗಿ ತಿರುಗಿಸುತ್ತಾಳೆ. ಮೂರನೆಯ ಸಲ ಇನ್ನೂ ಎತ್ತರಕ್ಕೆ ಒಯ್ಯುತ್ತಾಳೆ. ಪಕ್ಕದಲ್ಲಿ ಕುಳಿತ ಅಜ್ಜಿ ತನಗರಿವಿಲ್ಲದೆಯೇ ತಲೆದೂಗುತ್ತಾಳೆ. ಹಾಡು ಮುಗಿದು ಮನೆಗೆ ಬಂದ ಮೇಲೆ ಹುಡುಗಿಗೆ ನೆನಪಿರುವುದು ಒಂದೂವರೆ ಸಾಲು ಮಾತ್ರ. ಮಿಕ್ಕದ್ದಕ್ಕಾಗಿ ಅವಳ ಮನಸ್ಸು ಹಂಬಲಿಸುತ್ತದೆ. ಈ ಹಂಬಲವೇ ಒಲವಿನ ಮೊದಲ ಲಕ್ಷಣ. ಬೇಕೆಂದಾಗ ಗುಂಡಿಯೊತ್ತಿ ಪಡೆಯುವ ಹಾಡಿನಲ್ಲಿ ಈ ಹಂಬಲಕ್ಕೆ ಎಡೆ ಕಡಿಮೆ. ಕೈಗೆಟುಕದೆ ಹೋದುದನ್ನು ಮನಸ್ಸು ನೆನಪಿನಿಂದ ಕಟ್ಟಿಕೊಳ್ಳಬೇಕಾಗುತ್ತದೆ. ಹಾಗೆ ಕಟ್ಟಿಕೊಂಡುದು ಬೇಗನೆ ಅಳಿಯುವುದಿಲ್ಲ.

ಈ ಒಲವನ್ನು ಕನ್ನಡ ರಂಗಭೂಮಿಯು ಚೆನ್ನಾಗಿ ಅರಿತಿತ್ತು. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯು ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿನಾದ್ಯಂತ ಕೀರ್ತಿ ಗಳಿಸಿತು. ಆ ಕಾಲದ ಕಂಪನಿ ನಾಟಕಗಳಲ್ಲಿ ಹಾಡುಗಳು ಹೇರಳವಾಗಿದ್ದವು. ನಟನ ಹಾಡೊಂದು ಮನಸ್ಸಿಗೆ ಹಿಡಿಸಿತೆಂದರೆ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು. ನಟನು ಕಥೆಯನ್ನು ಅಲ್ಲಿಯೇ ನಿಲ್ಲಿಸಿ ಅದೇ ಹಾಡನ್ನು ಮತ್ತೆ ಹಾಡುತ್ತಿದ್ದನು. ಇದರಿಂದ ನಾಟಕದ ಓಟಕ್ಕೆ ಅಡ್ಡಿಯಾಗುತ್ತಿತ್ತೆಂದು ಆಕ್ಷೇಪಿಸುವವರುಂಟು. ಆ ಆಕ್ಷೇಪದಲ್ಲಿ ಹುರುಳೂ ಉಂಟು. ಆದರೂ ಆ ಕೂಗಿನ ಅರ್ಥವನ್ನು ಮರೆಯಬಾರದು. ಈ ಹಾಡು ಈ ರಾತ್ರಿ ಕಳೆದರೆ ಮತ್ತೆ ಸಿಗಲಾರದೆಂಬ ಆತುರ ಅದರಲ್ಲಿತ್ತು. ಬೆಳಗಾಗುವಷ್ಟರಲ್ಲಿ ಆ ಹಾಡು ಬೀದಿಯ ಹುಡುಗರ ಬಾಯಲ್ಲಿ, ಹೊಲಕ್ಕೆ ಹೊರಟ ರೈತನ ಬಾಯಲ್ಲಿ, ಮಗ್ಗದ ಮುಂದೆ ಕುಳಿತ ನೇಕಾರನ ಬಾಯಲ್ಲಿ ಮರುಹುಟ್ಟು ಪಡೆಯುತ್ತಿತ್ತು.

ಎದುರಿನಲ್ಲಿ ಹಾಡಿದ ಹಾಡಿಗೆ ಇಷ್ಟು ಶಕ್ತಿ ಬರುವುದು ಹೇಗೆ? ಮೊದಲನೆಯದಾಗಿ, ಭಾರತೀಯ ಸಂಗೀತದ ಬಹುಭಾಗ ಆ ಕ್ಷಣದಲ್ಲಿಯೇ ಹುಟ್ಟುವಂಥದು. ಸಾಹಿತ್ಯವೂ ತಾಳವೂ ಮೊದಲೇ ಗೊತ್ತಾಗಿರುತ್ತವೆ, ನಿಜ. ಆದರೆ ಆಲಾಪನೆ, ನೆರವಲು, ಕಲ್ಪನಾಸ್ವರಗಳನ್ನು ಗಾಯಕನು ವೇದಿಕೆಯ ಮೇಲೆ ಕುಳಿತಾಗಲೇ ಹೆಣೆಯುತ್ತಾನೆ. ಇಂದು ಹಾಡಿದಂತೆ ಅವನು ನಾಳೆ ಹಾಡಲಾರನು. ಎರಡನೆಯದಾಗಿ, ಕೇಳುಗನೂ ಆ ಹೆಣಿಗೆಯಲ್ಲಿ ಪಾಲುಗಾರನಾಗುತ್ತಾನೆ. ಸಭೆಯಲ್ಲಿ ಕೇಳಿಬಂದ ಒಂದು ‘ಭಲೆ’, ತಾಳ ಹಾಕುವ ಒಂದು ಕೈ, ತುಂಬಿದ ಒಂದು ಮೌನ ಗಾಯಕನಿಗೆ ತಲುಪುತ್ತದೆ. ಅವನ ಮುಂದಿನ ಸ್ವರ ಅದರಿಂದ ಬದಲಾಗುತ್ತದೆ. ಭಾರತೀಯ ಕಾವ್ಯಮೀಮಾಂಸೆಯು ಇಂಥ ಕೇಳುಗನನ್ನು ‘ಸಹೃದಯ’ ಎಂದು ಕರೆದು ಗೌರವಿಸಿದೆ. ಸಮಾನವಾದ ಹೃದಯವುಳ್ಳವನು ಎಂಬುದು ಆ ಪದದ ಅರ್ಥ. ಯಂತ್ರದಿಂದ ಬರುವ ಹಾಡು ಎಷ್ಟೇ ಇಂಪಾಗಿದ್ದರೂ ಅದಕ್ಕೆ ಕೇಳುಗನ ಹೃದಯದ ಸುದ್ದಿ ತಲುಪುವುದಿಲ್ಲ.

ಧ್ವನಿಮುದ್ರಣದ ಇತಿಹಾಸವೂ ಈ ಮಾತಿಗೆ ಪುಷ್ಟಿ ನೀಡುತ್ತದೆ. ಭಾರತದಲ್ಲಿ ಮೊದಮೊದಲು ಧ್ವನಿಮುದ್ರಣಕ್ಕೆ ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖರು. 1902ರಲ್ಲಿ ಕಲ್ಕತ್ತೆಯಲ್ಲಿ ಅವರ ಹಾಡುಗಳನ್ನು ಮುದ್ರಿಸಿಕೊಳ್ಳಲಾಯಿತು. ಅಂದಿನ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷಗಳ ಹಾಡು ಮಾತ್ರ ಹಿಡಿಸುತ್ತಿತ್ತು. ಗಂಟೆಗಳವರೆಗೆ ವಿಸ್ತರಿಸಬಲ್ಲ ರಾಗವನ್ನು ಅಷ್ಟರಲ್ಲಿ ಅಡಕಿಸಬೇಕಾಗಿತ್ತು. ಹಾಡಿನ ಕೊನೆಯಲ್ಲಿ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ತಟ್ಟೆಗಳು ಸಿದ್ಧವಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯ ಕೆಲಸಗಾರರಿಗೆ ಹಾಡಿದವರು ಯಾರೆಂಬುದು ತಿಳಿಯಬೇಕಾಗಿತ್ತು. ಭಾರತದಾದ್ಯಂತ ಮನೆಮಾತಾಗಿದ್ದ ಆ ಗಾಯಕಿ 1928ರಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಣ್ಮುಚ್ಚಿದರು. ಅವರ ತಟ್ಟೆಗಳು ಇಂದಿಗೂ ಉಳಿದಿವೆ. ಅವರ ಕಚೇರಿಯಲ್ಲಿ ಕುಳಿತವರು ಪಡೆದ ಸುಖವು ಮಾತ್ರ ಆ ಮೂರು ನಿಮಿಷಗಳಲ್ಲಿ ಪೂರ್ತಿಯಾಗಿ ಸಿಕ್ಕುವಂತಿಲ್ಲ.

ಹೀಗೆಂದ ಮಾತ್ರಕ್ಕೆ ಯಂತ್ರವನ್ನು ಹಳಿಯುವುದು ನ್ಯಾಯವಲ್ಲ. ಬಡವರ ಮನೆಯ ಬಾಗಿಲಿಗೆ ದೊಡ್ಡ ಸಂಗೀತವನ್ನು ತಂದು ನಿಲ್ಲಿಸಿದ ಉಪಕಾರ ಅದರದು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ.ಗೋಪಾಲಸ್ವಾಮಿಯವರು ‘ಆಕಾಶವಾಣಿ’ಯನ್ನು ಆರಂಭಿಸಿದ ಮೇಲೆ ಹಾಡಿಗೆ ಊರಿನ ಗಡಿಯೇ ಇಲ್ಲವಾಯಿತು. ಧಾರವಾಡದ ಬಾಲಕಿ ಗಂಗೂಬಾಯಿ ಹಾನಗಲ್ ಬೀದಿಯಲ್ಲಿ ಗ್ರಾಮಫೋನಿನ ಸದ್ದು ಕೇಳಿದೊಡನೆ ಓಡುತ್ತಿದ್ದರು. ಭೀಮಸೇನ ಜೋಶಿಯವರ ಕಥೆ ಇನ್ನೂ ಪ್ರಸಿದ್ಧವಾದುದು. ಬಾಲ್ಯದಲ್ಲಿ ಅವರು ಅಬ್ದುಲ್ ಕರೀಂ ಖಾನರ ಹಾಡಿನ ತಟ್ಟೆಯೊಂದನ್ನು ಕೇಳಿ ಮರುಳಾದರು. ಹಾಗಾದರೆ ಒಲವು ಯಂತ್ರದಿಂದಲೂ ಹುಟ್ಟಬಲ್ಲದು ಎಂದಂತಾಯಿತಲ್ಲವೆ ಎಂದು ಕೇಳಬಹುದು.

ಕೇಳಬೇಕಾದ ಪ್ರಶ್ನೆಯೇ ಸರಿ. ಆದರೆ ಆ ಬಾಲಕನು ಮುಂದೆ ಮಾಡಿದುದೇನೆಂಬುದನ್ನು ಗಮನಿಸಬೇಕು. ತಟ್ಟೆಯನ್ನು ಮತ್ತೆ ಮತ್ತೆ ಕೇಳಿ ಅವನು ತೃಪ್ತನಾಗಲಿಲ್ಲ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಅರಸಿ ಮನೆಬಿಟ್ಟು ಹೊರಟನು. ಗ್ವಾಲಿಯರ್, ಜಲಂಧರ್ ಮೊದಲಾದ ದೂರದ ಊರುಗಳನ್ನು ಸುತ್ತಿದನು. ಕೊನೆಗೆ ಗುರು ದೊರೆತದ್ದು ಅವನ ಊರಾದ ಗದಗಿಗೆ ದೂರವಲ್ಲದ ಕುಂದಗೋಳದಲ್ಲಿ. ಅಬ್ದುಲ್ ಕರೀಂ ಖಾನರ ಶಿಷ್ಯರೇ ಆಗಿದ್ದ ಸವಾಯಿ ಗಂಧರ್ವರು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಗಂಗೂಬಾಯಿಯವರೂ ಅದೇ ಗುರುಗಳ ಮುಂದೆ ಕುಳಿತು ಕಲಿತರು. ತಟ್ಟೆಯು ಬಾಯಾರಿಕೆಯನ್ನು ಹುಟ್ಟಿಸಿತು. ನೀರು ಸಿಕ್ಕಿದ್ದು ಗುರುವಿನ ಎದುರಿನಲ್ಲಿ. ಯಂತ್ರವು ದಾರಿ ತೋರಿಸುವ ಕೈಮರವಾದಾಗ ಅದರಿಂದ ಪ್ರಯೋಜನವುಂಟು. ಕೈಮರದ ಬುಡದಲ್ಲಿಯೇ ಕುಳಿತವನು ಊರನ್ನು ಸೇರುವುದಿಲ್ಲ.

ಎದುರಿನಲ್ಲಿ ಕೇಳಿದ ಹಾಡು ಕೇಳುಗನನ್ನಷ್ಟೇ ಅಲ್ಲದೆ ಹಾಡಿದವನನ್ನೂ ಎತ್ತಿ ನಿಲ್ಲಿಸಬಲ್ಲದು. ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ನಾಟಕ ಕಂಪನಿಯೊಂದರಲ್ಲಿ ಹಾಡಿ ಅಭಿನಯಿಸುತ್ತಿದ್ದರು. ಮಿರಜಿನ ನೀಲಕಂಠ ಬುವಾ ಅವರು ಆ ಬಾಲಕನ ರಂಗಗೀತೆಯನ್ನು ಕೇಳಿ ಮೆಚ್ಚಿ, ಅವನನ್ನು ತಮ್ಮ ಶಿಷ್ಯನನ್ನಾಗಿ ಮಾಡಿಕೊಂಡರು. ಅಂದು ಕೇಳುಗನ ಸ್ಥಾನದಲ್ಲಿದ್ದವರು ಮಹಾ ವಿದ್ವಾಂಸರು, ಹಾಡುತ್ತಿದ್ದವನು ಹುಡುಗ. ಹಾಡಿಗೆ ಒಲಿಯುವ ಹೃದಯಕ್ಕೆ ದೊಡ್ಡವರು ಸಣ್ಣವರು ಎಂಬ ಭೇದವಿಲ್ಲ. ಮುಂದೆ ಹೆಸರು ಮಾಡಿದ ಗಾಯಕರಾದ ಮೇಲೆಯೂ ಮನ್ಸೂರರು ಮಂಜೀಖಾನರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಒಲವು ಅಹಂಕಾರವನ್ನು ಕರಗಿಸುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಒಬ್ಬೊಬ್ಬರ ಮಾತು ಹಾಗಿರಲಿ. ಒಂದು ನಾಡೇ ಒಂದು ಹಾಡಿಗೆ ಒಲಿದ ನಿದರ್ಶನವೂ ಉಂಟು. 1924ರ ಡಿಸೆಂಬರಿನಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗದಗಿನ ವಕೀಲರೂ ಕವಿಗಳೂ ಆಗಿದ್ದ ಹುಯಿಲಗೋಳ ನಾರಾಯಣರಾಯರು ಕನ್ನಡ ನಾಡಿನ ಉದಯವನ್ನು ಹಾರೈಸಿ ರಚಿಸಿದ ಗೀತೆಯನ್ನು ಆ ಸಂದರ್ಭದಲ್ಲಿ ಹಾಡಲಾಯಿತು. ಬಾಲಕಿಯಾಗಿದ್ದ ಗಂಗೂಬಾಯಿಯವರೂ ಆ ಅಧಿವೇಶನದಲ್ಲಿ ಹಾಡಿದರು. ಆಗ ಕನ್ನಡಿಗರು ಮುಂಬಯಿ, ಮದರಾಸು, ಮೈಸೂರು, ಹೈದರಾಬಾದು ಮೊದಲಾದ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಹಾಡನ್ನು ಮನೆಮನೆಗೆ ಮುಟ್ಟಿಸುವ ರೇಡಿಯೋ ಕನ್ನಡ ನಾಡಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಅಲ್ಲಿ ಕೇಳಿದವರು ಅದನ್ನು ಮನಸ್ಸಿನಲ್ಲಿ ಹೊತ್ತು ತಮ್ಮ ತಮ್ಮ ಊರುಗಳಿಗೆ ಒಯ್ದರು. ಬಾಯಿಂದ ಬಾಯಿಗೆ ಸಾಗಿದ ಆ ಗೀತೆ ಏಕೀಕರಣದ ಹೋರಾಟಕ್ಕೆ ದನಿಯಾಯಿತು. 1956ರ ನವೆಂಬರ್ 1ರಂದು ಕನ್ನಡಿಗರ ರಾಜ್ಯ ಉದಯವಾಯಿತು. ಹಾಡೊಂದರಿಂದಲೇ ರಾಜ್ಯ ಕಟ್ಟಲಾಗುವುದಿಲ್ಲ. ಆದರೆ ಹಂಚಿಹೋದ ಜನ ತಾವು ಒಂದೆಂದು ಭಾವಿಸಲು ಒಟ್ಟಿಗೆ ಕೇಳಿದ, ಒಟ್ಟಿಗೆ ಹಾಡಿದ ಹಾಡೊಂದು ನೆರವಾಯಿತು.

ಹಾಡನ್ನು ಹೊತ್ತೊಯ್ಯಲು ಅಕ್ಷರವೂ ಬೇಕಿಲ್ಲ. ಪಾವಗಡಕ್ಕೆ ನೆರೆಯ ಚಳ್ಳಕೆರೆ ತಾಲ್ಲೂಕಿನ ಜನಪದ ಗಾಯಕಿ ಸಿರಿಯಜ್ಜಿಯವರು ಓದುಬರಹ ಕಲಿತವರಲ್ಲ. ಸಾವಿರಾರು ಪದಗಳು ಅವರ ನಾಲಗೆಯ ಮೇಲಿದ್ದವು. ಶಿರಾ, ಚಳ್ಳಕೆರೆಗಳ ಕಡೆಯ ಕಾಡುಗೊಲ್ಲರು ಜುಂಜಪ್ಪನ ಕಥೆಯನ್ನು ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲಿನೊಡನೆ ಹಾಡುತ್ತ ಬಂದಿದ್ದಾರೆ. ಇವೆಲ್ಲ ಬಾಳಿದ್ದು ಹಾಡುವವರು ಇದ್ದುದರಿಂದ ಮಾತ್ರವಲ್ಲ. ಎದುರು ಕುಳಿತು ಕೇಳಿ, ಒಲಿದು, ತಾವೂ ಹಾಡಿದ ಎಳೆಯರು ಪ್ರತಿ ತಲೆಮಾರಿನಲ್ಲಿಯೂ ದೊರೆತುದರಿಂದ. ಅಂಥ ಎಳೆಯರು ಒಂದು ತಲೆಮಾರಿನಲ್ಲಿ ದೊರೆಯದೆ ಹೋದರೆ ಹಾಡಿನ ಎಳೆ ಅಲ್ಲಿಗೇ ಕಡಿಯುತ್ತದೆ. ಮುದ್ರಿಸಿಟ್ಟ ಧ್ವನಿಯು ಅದರ ನೆನಪನ್ನು ಕಾಯಬಲ್ಲದೇ ಹೊರತು ಅದರ ಬಾಳನ್ನು ಮುಂದುವರಿಸಲಾರದು.

ಗಡಿಯ ಊರುಗಳಿಗೆ ಹಾಡಿನ ಒಲವು ಇನ್ನೊಂದು ಲಾಭವನ್ನೂ ತರುತ್ತದೆ. ಕರ್ನಾಟಕ ಸಂಗೀತದಲ್ಲಿ ಕನ್ನಡದ ಪುರಂದರದಾಸರು ಪಿತಾಮಹರೆನಿಸಿದ್ದಾರೆ; ತ್ಯಾಗರಾಜರ ಕೃತಿಗಳು ಬಹುಮಟ್ಟಿಗೆ ತೆಲುಗಿನಲ್ಲಿವೆ. ಕೈವಾರದ ತಾತಯ್ಯನವರು ಕನ್ನಡ ತೆಲುಗುಗಳೆರಡರಲ್ಲಿಯೂ ತತ್ವಪದಗಳನ್ನು ರಚಿಸಿದರು. ಭಾಷೆಯ ಹೆಸರಿನಲ್ಲಿ ಜನರು ಜಗಳವಾಡಿದ ದಿನಗಳುಂಟು. ಹಾಡಿನ ಸಭೆಯಲ್ಲಿ ಕುಳಿತವರಿಗೆ ಮಾತ್ರ ಆ ಜಗಳ ನೆನಪಿಗೆ ಬರುವುದಿಲ್ಲ. ಹಾಡಿನ ಮೇಲಣ ಪ್ರೀತಿಯಿಂದ ಅದರ ಅರ್ಥವನ್ನು ಕೇಳಿ ತಿಳಿಯುವ ವಿದ್ಯಾರ್ಥಿಯು ತನ್ನ ನುಡಿಯನ್ನು ಆಳವಾಗಿ ಅರಿಯುತ್ತಾನೆ, ನೆರೆಯ ನುಡಿಯನ್ನು ಗೌರವಿಸಲು ಕಲಿಯುತ್ತಾನೆ.

ಆದರೆ ಒಲವೊಂದೇ ಸಾಲದು. ಮೊದಲ ದಿನದ ಬೆರಗು ಬಹಳ ಕಾಲ ಬಾಳುವುದಿಲ್ಲ. ಅದಕ್ಕೆ ಶ್ರಮದ ಆಸರೆ ಬೇಕು. ಹೊಸಕೋಟೆಯ ಮಗ್ಗಗಳೇ ಇದಕ್ಕೆ ಪಾಠ ಹೇಳುತ್ತವೆ. ಕಣ್ಣಿಗೆ ಮೊದಲು ಬೀಳುವುದು ಸೀರೆಯ ಬಣ್ಣ ಮತ್ತು ಅಂಚಿನ ಜರಿ. ಆದರೆ ನೂಲನ್ನು ಹಾಸಾಗಿ ಹೂಡಿ, ಲಾಳಿಯನ್ನು ಅತ್ತಿಂದಿತ್ತ ಆಡಿಸಿ, ದಿನಗಟ್ಟಲೆ ಎಳೆಗೆ ಎಳೆ ಕೂಡಿಸದೆ ಸೀರೆಯಾಗುವುದಿಲ್ಲ. ಹಾಡನ್ನು ಕೇಳಿ ಹುಟ್ಟಿದ ಪ್ರೀತಿ ಹಾಸಿನಂತೆ. ಅದನ್ನು ಅರಿಯಲು ಮಾಡುವ ಪ್ರಯತ್ನ ಹೊಕ್ಕಿನಂತೆ. ಹಾಡನ್ನು ಬರೆದವರು ಯಾರು, ಅದರ ರಾಗವಾವುದು, ಕಠಿಣ ಪದಗಳ ಅರ್ಥವೇನು, ಬೇರೆಯವರು ಅದನ್ನು ಹೇಗೆ ಹಾಡಿದ್ದಾರೆ ಎಂಬುದನ್ನು ವಿಚಾರಿಸಬೇಕು. ಈ ಹಂತದಲ್ಲಿ ದೂರವಾಣಿಯೂ ಗ್ರಂಥಾಲಯವೂ ನಿಜವಾಗಿ ನೆರವಾಗುತ್ತವೆ. ಕಂಠ ಚೆನ್ನಾಗಿಲ್ಲವೆಂದು ಸಂಕೋಚಪಡದೆ ಹಾಡಲೂಬೇಕು. ಎಲ್ಲರೂ ಗಾಯಕರಾಗಬೇಕಾಗಿಲ್ಲ, ಒಳ್ಳೆಯ ಕೇಳುಗರಾಗುವುದಕ್ಕೂ ಹಾಡಿ ನೋಡಿದ ಅನುಭವ ಬೇಕು.

ಇಂದಿನ ಕಚೇರಿಗಳಲ್ಲಿ ಒಂದು ವಿಚಿತ್ರ ದೃಶ್ಯವನ್ನು ಕಾಣಬಹುದು. ಗಾಯಕರು ಹಾಡಲು ತೊಡಗಿದೊಡನೆ ಸಭಿಕರ ಕೈಗಳಲ್ಲಿ ದೂರವಾಣಿಗಳು ಮೇಲೇಳುತ್ತವೆ. ಕಣ್ಣು ಪುಟ್ಟ ಪರದೆಯ ಮೇಲೆ. ಮನಸ್ಸು ಚಿತ್ರ ಸರಿಯಾಗಿ ಮೂಡಿತೆ ಎಂಬುದರ ಮೇಲೆ. ಮುಂದೆ ಕೇಳಬಹುದೆಂಬ ಆಸೆಯಿಂದ ಈಗ ಕೇಳುವುದನ್ನು ಬಿಟ್ಟುಕೊಡುವುದು ಜಾಣತನವಲ್ಲ. ಕೂಡಿಟ್ಟ ಅಂಥ ಚಿತ್ರಗಳಲ್ಲಿ ಹೆಚ್ಚಿನವನ್ನು ಯಾರೂ ಮರಳಿ ನೋಡುವುದಿಲ್ಲ. ಧ್ವನಿವರ್ಧಕವನ್ನು ಕಿವಿ ಬಿರಿಯುವಂತೆ ಹೆಚ್ಚಿಸಿ, ಹಾಡಿಗೂ ಸದ್ದಿಗೂ ಅಂತರವಿಲ್ಲದಂತೆ ಮಾಡುವುದು ಇನ್ನೊಂದು ದೋಷ. ಸದ್ದು ಕಿವಿಯನ್ನು ದಣಿಸುತ್ತದೆ. ದಣಿದ ಕಿವಿಯಲ್ಲಿ ಒಲವು ಹುಟ್ಟುವುದು ಕಷ್ಟ.

ಚಿಕ್ಕ ಊರುಗಳಲ್ಲಿ ಕಚೇರಿ ನಡೆಸಲು ಹಣವೆಲ್ಲಿ, ದೊಡ್ಡ ವಿದ್ವಾಂಸರು ಬರುವರೆ ಎಂದು ಕೆಲವರು ಶಂಕಿಸುತ್ತಾರೆ. ಈ ಶಂಕೆಯನ್ನು ತಳ್ಳಿಹಾಕುವಂತಿಲ್ಲ. ಮಳೆ ಕೈಕೊಟ್ಟ ವರ್ಷ ಸಂಗೀತಕ್ಕೆ ಚಂದಾ ಎತ್ತುವುದು ಸುಲಭವೇನಲ್ಲ. ಆದರೆ ಬೆಂಗಳೂರಿನ ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವವೂ 1939ರಲ್ಲಿ ಎಳೆಯ ವಯಸ್ಸಿನ ಎಸ್.ವಿ.ನಾರಾಯಣಸ್ವಾಮಿರಾಯರು ಗೆಳೆಯರೊಡನೆ ಚಿಕ್ಕ ಪ್ರಮಾಣದಲ್ಲಿ ಆರಂಭಿಸಿದುದೇ ಆಗಿತ್ತು. ಮುಂದೆ ದೇಶದ ಹೆಸರಾಂತ ಕಲಾವಿದರು ಅದರ ಚಪ್ಪರದಡಿಯಲ್ಲಿ ಹಾಡಿದರು. ಆರಂಭಕ್ಕೆ ಬೇಕಾದುದು ಬಹಳವಲ್ಲ. ತತ್ವಪದ ಬಲ್ಲ ಹಿರಿಯರು, ಸೋಬಾನೆ ಬಲ್ಲ ಅಜ್ಜಿಯರು, ಭಜನೆಯ ಮೇಳದವರು ಸಿಗುವ ಊರುಗಳು ಇಂದಿಗೂ ಕಡಿಮೆಯಿಲ್ಲ. ಅವರನ್ನು ವರ್ಷಕ್ಕೊಮ್ಮೆಯಾದರೂ ಶಾಲೆಗೆ ಕರೆಸಿ, ಮಕ್ಕಳ ಎದುರಿನಲ್ಲಿ ಹಾಡಿಸಿ, ಗೌರವಿಸುವುದಕ್ಕೆ ಹಣಕ್ಕಿಂತ ಮನಸ್ಸು ಮುಖ್ಯ. ಸಂಗೀತವನ್ನು ಬಿಡುವಿನ ವೇಳೆಯ ಅಲಂಕಾರವೆಂದು ಬಗೆಯದೆ ವಿದ್ಯಾಭ್ಯಾಸದ ಅಂಗವೆಂದು ಬಗೆಯುವುದು ಹಿರಿಯರ ಹೊಣೆ.

ಧ್ವನಿಮುದ್ರಣ ಎಲ್ಲೆಡೆ ಹರಡಿದ ಮೇಲೆ ಜನ ಕಚೇರಿಗಳನ್ನು ತೊರೆದುಬಿಡುವರೆಂಬ ಭಯ ಒಂದು ಕಾಲದಲ್ಲಿತ್ತು. ಅದು ಪೂರ್ತಿ ನಿಜವಾಗಲಿಲ್ಲ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ.ಅಶ್ವಥ್ ಅವರು ‘ಕನ್ನಡವೇ ಸತ್ಯ’ ಎಂಬ ಹೆಸರಿನಲ್ಲಿ ಕನ್ನಡ ಕವಿಗಳ ಗೀತೆಗಳನ್ನು ಹಾಡಿದಾಗ ಅಪಾರ ಜನಸ್ತೋಮ ಸೇರಿತ್ತು. ಆ ಗೀತೆಗಳಲ್ಲಿ ಎಷ್ಟೋ ಗೀತೆಗಳನ್ನು ಜನ ಮನೆಯಲ್ಲಿ ಕ್ಯಾಸೆಟ್ಟಿನ ಮೂಲಕ ಮೊದಲೇ ಕೇಳಿದ್ದರು. ಆದರೂ ಅವರು ಬಂದರು. ಮನೆಯಲ್ಲಿ ದೊರೆಯದ ಏನೋ ಒಂದು ಅಲ್ಲಿ ದೊರೆಯುತ್ತದೆಂಬುದು ಅವರಿಗೆ ತಿಳಿದಿತ್ತು.

ನಾಡಿನ ಶಾಲೆಗಳಲ್ಲಿ ದಿನವೂ ಒಂದು ಹಾಡು ಎದುರೆದುರಿನಲ್ಲಿ ಮೊಳಗುತ್ತದೆ. ಕುವೆಂಪು ಅವರ ಗೀತೆಯನ್ನು ಸರ್ಕಾರವು 2004ರಲ್ಲಿ ನಾಡಗೀತೆಯೆಂದು ಅಂಗೀಕರಿಸಿತು. 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡುಗಳಲ್ಲಿ ಅದನ್ನು ಹಾಡಬೇಕೆಂದು ಗೊತ್ತುಪಡಿಸಿತು. ಯಾವ ಧಾಟಿ ಎಂಬುದಕ್ಕೆ ವರ್ಷಗಟ್ಟಲೆ ಚರ್ಚೆ ನಡೆಯಿತೆಂದರೆ ಒಂದು ರಾಗಸಂಯೋಜನೆಯನ್ನು ಜನ ಎಷ್ಟು ಗಾಢವಾಗಿ ಪ್ರೀತಿಸಬಲ್ಲರೆಂಬುದು ತಿಳಿಯುತ್ತದೆ. ಪ್ರಾರ್ಥನೆಯ ಸಾಲಿನಲ್ಲಿ ನಿಂತ ವಿದ್ಯಾರ್ಥಿಯು ಆ ಎರಡೂವರೆ ನಿಮಿಷಗಳನ್ನು ಬರಿಯ ವಿಧಿಯೆಂದು ಕಳೆಯಬಹುದು. ಅಥವಾ ಪಕ್ಕದವರ ದನಿಗೆ ತನ್ನ ದನಿಯನ್ನು ಹೊಂದಿಸುತ್ತ, ಅರ್ಥವನ್ನು ನೆನೆಯುತ್ತ ಹಾಡಬಹುದು. ಎರಡನೆಯ ರೀತಿಯಲ್ಲಿ ಹಾಡಲು ಬಲ್ಲವನು ಎಲ್ಲಿ ಒಳ್ಳೆಯ ಹಾಡು ಕೇಳಿದರೂ ಅದಕ್ಕೆ ಒಲಿಯಲು ಸಿದ್ಧನಾಗಿರುತ್ತಾನೆ.

ಬರಗಾಲದ ಸೀಮೆಯಲ್ಲಿ ಮಳೆಯ ನೀರನ್ನು ಕೆರೆಗಳಲ್ಲಿ ಹಿಡಿದಿಡುವ ವಿವೇಕವನ್ನು ಹಿಂದಿನವರು ತೋರಿದರು. ಎಂದೋ ಒಮ್ಮೆ ಊರಿಗೆ ಬರುವ ಒಳ್ಳೆಯ ಹಾಡನ್ನು ಎಳೆಯರ ಕಿವಿಗೆ ತಲುಪಿಸಿ, ಅವರ ಮನಸ್ಸಿನಲ್ಲಿ ಹಿಡಿದಿಡುವುದಕ್ಕೂ ಅದೇ ವಿವೇಕ ಬೇಕು. ಊರು ಚಪ್ಪರ ಹಾಕಲಿ. ಶಾಲೆ ಬಾಗಿಲು ತೆರೆಯಲಿ. ವಿದ್ಯಾರ್ಥಿಗಳು ಮುಂದಿನ ಸಾಲಿನಲ್ಲಿ ಮೌನವಾಗಿ ಕುಳಿತುಕೊಳ್ಳಲಿ. ಯಾವ ಹಾಡು ಯಾರಿಗೆ ಒಲಿಯುವುದೆಂದು ಮೊದಲೇ ಹೇಳಲಾಗುವುದಿಲ್ಲ. ಒಲಿಯುವ ಹೊತ್ತಿಗೆ ಕೇಳುಗನು ಅಲ್ಲಿರಬೇಕು, ಅಷ್ಟೆ.